ಕಡತ ಕಳೆದರೆ ಹಕ್ಕೂ ಕಳೆದಂತೆ



ಹಾಸನದಿಂದ ಹೊಳೆನರಸೀಪುರದವರೆಗೆ, ಅರಕಲಗೂಡಿನಿಂದ ಚನ್ನರಾಯಪಟ್ಟಣದವರೆಗೆ ನಮ್ಮ ರೈತರಿಗೆ ಚಿರಪರಿಚಿತವಾದ ಮಾತೊಂದಿದೆ: 'ಕಡತ ಲಭ್ಯವಿಲ್ಲ.' ತಾತನಿಗೆ ದರಖಾಸ್ತಿನಲ್ಲಿ ಜಮೀನು ಮಂಜೂರಾಗಿದೆ, ಸಾಗುವಳಿ ಚೀಟಿ ಮನೆಯ ಪೆಟ್ಟಿಗೆಯಲ್ಲಿದೆ, ಮೊಮ್ಮಗ ಉಳುತ್ತಿದ್ದಾನೆ. ಆದರೆ ಮೂಲ ಕಡತ ಸಿಗದೆ ಪೋಡಿ ಆಗುವುದಿಲ್ಲ, ಪೋಡಿ ಆಗದೆ ಅಣ್ಣತಮ್ಮಂದಿರ ಪಾಲು ಆಗುವುದಿಲ್ಲ. ಒಂದು ಸಾಲಿನ ಹಿಂಬರಹ ಒಂದು ಸಂಸಾರವನ್ನೇ ಬೀದಿಗೆ ತರಬಲ್ಲದು!

ಗೊರೂರಿನ ಹೇಮಾವತಿ ಅಣೆಕಟ್ಟು 1979ರಲ್ಲಿ ಮುಗಿಯಿತು. ಮುಳುಗಿದ ಊರುಗಳ ಜನರಿಗೆ ತೋರಿಸಲು ಮನೆಯಿಲ್ಲ, ಗದ್ದೆಯಿಲ್ಲ, ಗಡಿಕಲ್ಲೂ ಇಲ್ಲ. ಅವರ ಪಾಲಿಗೆ ಊರೆಂದರೆ ಕಾಗದ. ಆ ಕಾಗದವೂ ಕಳೆದರೆ ಅವರು ಎರಡನೆಯ ಸಲ ಮುಳುಗಿದಂತೆಯೇ ಅಲ್ಲವೇ?

ಹಳೆಯದಾಯಿತು, ಗೆದ್ದಲು ತಿಂದಿತು ಎಂಬ ನೆಪವನ್ನು ನಮ್ಮ ಜಿಲ್ಲೆಯಲ್ಲಂತೂ ಯಾರೂ ಹೇಳಬಾರದು. ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನ ಸುಮಾರು ಕ್ರಿ.ಶ. 450ರದು. ಅದೂ ಒಂದು ದಾಖಲೆಯೇ! ಯಾರಿಗೆ ಯಾವ ಹಳ್ಳಿ ಕೊಟ್ಟೆವು ಎಂದು ಕನ್ನಡದಲ್ಲಿ ಬರೆದು, ಅಳಿಸಿದವನಿಗೆ ಪಾಪ ತಟ್ಟಲಿ ಎಂದು ಮುಗಿಸಿದ್ದಾರೆ. ಬಿ.ಎಲ್. ರೈಸ್ ಅವರು 1889ರಲ್ಲಿ ಶ್ರವಣಬೆಳಗೊಳದ ಶಾಸನಗಳನ್ನೂ 1902ರಲ್ಲಿ ಹಾಸನ ಜಿಲ್ಲೆಯ ಶಾಸನಗಳನ್ನೂ ಅಚ್ಚು ಹಾಕಿಸಿದರು. ಜಿಲ್ಲೆಯ ಶಾಸನಗಳಿಗೆ ತಾಲ್ಲೂಕುವಾರು ಸಂಖ್ಯೆ ಕೊಟ್ಟರು. ತಾಲ್ಲೂಕಿನ ಹೆಸರು, ಶಾಸನದ ಸಂಖ್ಯೆ ಹೇಳಿದರೆ ಸಾಕು, ವಿದ್ವಾಂಸರು ಇಂದಿಗೂ ಪುಟ ತೆರೆದು ತೋರಿಸುತ್ತಾರೆ. ದಾಖಲೆ ಇಡುವುದೆಂದರೆ ಇದು. ಬಟ್ಟೆಯಲ್ಲಿ ಗಂಟು ಕಟ್ಟಿ ಅಟ್ಟದ ಮೇಲೆ ಎಸೆಯುವುದಲ್ಲ!

ಕಂಪ್ಯೂಟರ್ ಬಂದಿದೆಯಲ್ಲ ಎನ್ನುತ್ತೀರಿ. ಬಂದಿದೆ. 2000ದ ಆಸುಪಾಸಿನಲ್ಲಿ ಬಂದ 'ಭೂಮಿ' ಯೋಜನೆ ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿತು, ಅದೂ ಕನ್ನಡದಲ್ಲಿ. ಕಂಪ್ಯೂಟರಿಗೆ ಕನ್ನಡ ಬರುವುದಿಲ್ಲ ಎನ್ನುತ್ತಿದ್ದವರ ಬಾಯಿ ಮುಚ್ಚಿಸಿತು. ಆದರೆ ಗಣಕಕ್ಕೆ ಏರಿದ್ದು ಪಹಣಿ. ಅದಕ್ಕೆ ಆಧಾರವಾದ ಮಂಜೂರಾತಿ ಕಡತ, ಹಳೆಯ ಮ್ಯುಟೇಶನ್ ವಹಿಗಳು ದಾಖಲೆ ಕೊಠಡಿಯ ಗಂಟಿನಲ್ಲೇ ಉಳಿದವು. ಅವನ್ನು ಸ್ಕ್ಯಾನ್ ಮಾಡಲು 2024ರಲ್ಲಿ 'ಭೂ ಸುರಕ್ಷಾ' ಯೋಜನೆ ಆರಂಭವಾಯಿತು. ಸ್ವಾಗತ. ಆದರೆ ಒಂದು ಎಚ್ಚರಿಕೆ: ಹಳ್ಳಿಯ ಹೆಸರು, ಸರ್ವೆ ನಂಬರು, ಹಿಡುವಳಿದಾರನ ಹೆಸರು, ವರ್ಷ, ಈ ನಾಲ್ಕನ್ನೂ ಕನ್ನಡದಲ್ಲಿ ಸರಿಯಾಗಿ ಬರೆದ ಸೂಚಿ ಇಲ್ಲದಿದ್ದರೆ ಸ್ಕ್ಯಾನ್ ಮಾಡಿದ ಚಿತ್ರವೂ ಗಂಟೇ! ಗೆದ್ದಲು ತಿನ್ನದ ಗಂಟು, ಅಷ್ಟೇ. ರೈತನೊಬ್ಬ ತನ್ನ ಊರಿನ ಹೆಸರನ್ನು ಕನ್ನಡದಲ್ಲಿ ಹೇಳಿ ಹುಡುಕಿಸಿದಾಗ ಸಿಗದ ಕಾಗದ, ಇದ್ದೂ ಇಲ್ಲದಂತೆ.

ಇದು ಯಾರ ದಯೆಯೂ ಅಲ್ಲ, ಕಾನೂನು. 2005ರ ಮಾಹಿತಿ ಹಕ್ಕು ಅಧಿನಿಯಮದ 4ನೇ ಪ್ರಕರಣ ಓದಿ. ಪ್ರತಿ ಕಚೇರಿಯೂ ದಾಖಲೆಗಳನ್ನು ಪಟ್ಟಿ ಮಾಡಿ, ಸೂಚಿ ಸಹಿತ ಇಡಬೇಕು ಎನ್ನುತ್ತದೆ. ಮಾಹಿತಿ ಪ್ರಕಟಿಸುವಾಗ ಸ್ಥಳೀಯ ಭಾಷೆಯನ್ನು ಗಮನಿಸಬೇಕೆಂದೂ ಹೇಳುತ್ತದೆ. ಕಡತ ಸಿಗುತ್ತಿಲ್ಲ ಎಂದಷ್ಟೇ ಹೇಳಿ ಜಾರಿಕೊಳ್ಳುವಂತಿಲ್ಲ, ಹುಡುಕಬೇಕು, ಸಿಗದಿದ್ದರೆ ಹೊಣೆ ಯಾರದೆಂದು ನಿಗದಿ ಮಾಡಬೇಕು ಎಂದು ದೆಹಲಿ ಹೈಕೋರ್ಟ್ 2013ರಲ್ಲೇ ಹೇಳಿದೆ.

ಆದ್ದರಿಂದ ಓದುಗರೇ, ಬರಿಗೈಯಲ್ಲಿ ಹಿಂತಿರುಗಬೇಡಿ. 'ಲಭ್ಯವಿಲ್ಲ' ಎಂಬುದನ್ನು ಬರಹದಲ್ಲಿ ಪಡೆಯಿರಿ. 10 ರೂಪಾಯಿ ಶುಲ್ಕ ಕಟ್ಟಿ ಕನ್ನಡದಲ್ಲೇ ಅರ್ಜಿ ಹಾಕಿ. ಮೂರು ಪ್ರಶ್ನೆ ಕೇಳಿ: ದಾಖಲೆ ಕೊಠಡಿಯ ವಹಿಯಲ್ಲಿ ಈ ಕಡತದ ನಮೂದು ಇದೆಯೇ? ಕೊನೆಗೆ ಯಾವ ದಿನ, ಯಾರ ಕೈಗೆ ಹೋಯಿತು? ನಾಶಪಡಿಸಿದ್ದರೆ ಆದೇಶ ಎಲ್ಲಿ?

ಇನ್ನೊಂದು ಮಾತು, ನಮ್ಮ ಮನೆಯೊಳಗಿನದು. ನಮ್ಮ ಸಂಘಗಳ ನಡಾವಳಿ ಪುಸ್ತಕ, ರಸೀದಿ, ಕೊಟ್ಟ ಮನವಿಗಳ ಸ್ವೀಕೃತಿ ಪ್ರತಿ ಎಲ್ಲಿವೆ? ಅಧ್ಯಕ್ಷರು ಬದಲಾದರೆ ಅವರ ಬೀರುವಿನ ಜೊತೆಗೇ ಚರಿತ್ರೆಯೂ ಹೋಗಬೇಕೇ? ಮನವಿಗೆ ಸ್ವೀಕೃತಿ ಇಲ್ಲದಿದ್ದರೆ ನಾವು ಹೋರಾಡಿದ್ದಕ್ಕೂ ಸಾಕ್ಷಿಯಿಲ್ಲ. ಮೊದಲು ನಮ್ಮ ವಹಿ ನೆಟ್ಟಗಿರಲಿ. ಆಮೇಲೆ ಕಚೇರಿಯ ಬಾಗಿಲು ತಟ್ಟಿ, ನಮ್ಮ ಕಾಗದ ನಮಗೆ ಕೊಡಿ ಎಂದು ಗಟ್ಟಿಯಾಗಿ ಕೇಳೋಣ!