ಎರವಲು ತಂದ ಉಪಕರಣ ಕೆಟ್ಟರೆ ಹೊಣೆ ಯಾರದು?

ಹುಣಸೂರಿನ ಮರಗೆಲಸದ ಶೆಡ್ಡುಗಳಲ್ಲಿ, ಪಿರಿಯಾಪಟ್ಟಣ ಮತ್ತು ಎಚ್.ಡಿ. ಕೋಟೆಯ ವೆಲ್ಡಿಂಗ್ ಅಂಗಡಿಗಳಲ್ಲಿ, ಕೆ.ಆರ್. ನಗರದ ರಿಪೇರಿ ಗ್ಯಾರೇಜುಗಳಲ್ಲಿ ಒಂದೇ ಸೂರಿನಡಿ ಇಬ್ಬರು ಮೂವರು ತಮ್ಮ ತಮ್ಮ ಉದ್ಯೋಗವನ್ನು ಪ್ರತ್ಯೇಕವಾಗಿ ನಡೆಸುವುದುಂಟು. ಬಾಡಿಗೆಯನ್ನೂ ವಿದ್ಯುತ್ ಬಿಲ್ಲನ್ನೂ ಹಂಚಿಕೊಳ್ಳುವ ಇವರು ಉಪಕರಣಗಳನ್ನೂ ಕೈಯಿಂದ ಕೈಗೆ ದಾಟಿಸುತ್ತಾರೆ. ತಂಬಾಕು ಹದ ಮಾಡುವ ಕಾಲಕ್ಕೆ ಮುಂಚೆ ಬ್ಯಾರನ್‌ಗಳ ರಿಪೇರಿ ಕೆಲಸ ಒಮ್ಮೆಗೇ ಬಂದಾಗ ಎಲ್ಲರ ಬಳಿಯೂ ಎಲ್ಲ ಯಂತ್ರಗಳೂ ಇರುವುದಿಲ್ಲ. ಈ ಕೊಡುಕೊಳ್ಳುವಿಕೆಯು ಯಾವ ಬ್ಯಾಂಕೂ ನೀಡದ ಬಡ್ಡಿರಹಿತ ಬಂಡವಾಳವೆಂದರೆ ಅತಿಶಯೋಕ್ತಿಯಲ್ಲ.

ಆದರೆ ಗ್ರೈಂಡರಿನ ಆರ್ಮೇಚರ್ ಸುಟ್ಟ ದಿನ ಈ ಸೌಹಾರ್ದಕ್ಕೆ ಪರೀಕ್ಷೆ ಎದುರಾಗುತ್ತದೆ. "ಯಾರ ಕೈಯಲ್ಲಿ ಕೆಟ್ಟಿತೋ ಅವರೇ ಹೊಸದು ತಂದುಕೊಡಲಿ" ಎಂಬುದು ಸಾಮಾನ್ಯವಾಗಿ ಕೇಳಿಬರುವ ತೀರ್ಪು. ಕೇಳಲು ಸರಳವಾದ ಈ ತೀರ್ಪು ಕಾನೂನಿಗೂ ಒಪ್ಪುವುದಿಲ್ಲ, ಲೆಕ್ಕಕ್ಕೂ ಒಪ್ಪುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

1872ರ ಭಾರತೀಯ ಕರಾರು ಕಾಯಿದೆಯು ಇಂತಹ ವ್ಯವಹಾರವನ್ನು ಬೇಲ್‌ಮೆಂಟ್ ಎಂದು ಕರೆಯುತ್ತದೆ. ಒಂದು ಉದ್ದೇಶಕ್ಕಾಗಿ ವಸ್ತುವನ್ನು ಮತ್ತೊಬ್ಬರ ವಶಕ್ಕೆ ಕೊಟ್ಟು, ಉದ್ದೇಶ ಈಡೇರಿದ ಬಳಿಕ ಹಿಂಪಡೆಯುವುದೇ ಇದರ ಅರ್ಥ. ಕಲಂ 151ರಂತೆ, ಸಾಮಾನ್ಯ ವಿವೇಕವುಳ್ಳ ವ್ಯಕ್ತಿ ಅಂತಹುದೇ ತನ್ನ ಸ್ವಂತ ವಸ್ತುವಿನ ಬಗ್ಗೆ ವಹಿಸುವಷ್ಟು ಎಚ್ಚರಿಕೆಯನ್ನು ಪಡೆದವರು ವಹಿಸಬೇಕು. ಅಷ್ಟು ಎಚ್ಚರಿಕೆ ವಹಿಸಿಯೂ ಹಾನಿಯಾದರೆ, ವಿಶೇಷ ಕರಾರು ಇಲ್ಲದಿರುವಾಗ, ಅವರು ಹೊಣೆಗಾರರಲ್ಲ ಎಂದು ಕಲಂ 152 ಹೇಳುತ್ತದೆ. ಆದರೆ ಎಚ್ಚರಿಕೆ ವಹಿಸಿದ್ದನ್ನು ರುಜುವಾತುಪಡಿಸುವ ಭಾರ ಪಡೆದವರ ಮೇಲೆಯೇ ಇರುತ್ತದೆ ಎಂಬುದನ್ನು ಮರೆಯಲಾಗದು.

ಕೊಟ್ಟವರಿಗೂ ಕರ್ತವ್ಯಗಳಿವೆ. ಬೇರಿಂಗ್ ಸಡಿಲವಾಗಿರುವುದು ತಿಳಿದಿದ್ದರೆ ಕೊಡುವಾಗಲೇ ಹೇಳಬೇಕು. ಹೇಳದೆ ಅದರಿಂದ ನಷ್ಟವಾದರೆ ಕಲಂ 150ರಂತೆ ಅವರೇ ಹೊಣೆ. ಬಾಡಿಗೆ ಪಡೆದು ಕೊಟ್ಟಿದ್ದರಂತೂ ದೋಷ ತಮಗೆ ತಿಳಿದಿರಲಿಲ್ಲ ಎಂಬ ಸಮಜಾಯಿಷಿಯೂ ಸಲ್ಲದು. ರಾಜ್ಯ ಸರ್ಕಾರವು 2014-15ರಲ್ಲಿ ಆರಂಭಿಸಿದ ಕೃಷಿ ಯಂತ್ರಧಾರೆ ಯೋಜನೆಯಿಂದಾಗಿ ಯಂತ್ರ ಬಾಡಿಗೆಯ ಪದ್ಧತಿ ಹೋಬಳಿ ಮಟ್ಟಕ್ಕೂ ತಲುಪಿದೆ. ಆದುದರಿಂದ ಪುಕ್ಕಟೆ ಎರವಲಿಗೂ ಬಾಡಿಗೆಗೂ ಇರುವ ಈ ವ್ಯತ್ಯಾಸವನ್ನು ಎಲ್ಲರೂ ಮನಗಾಣಬೇಕಾಗಿದೆ.

ಪಡೆದವರು ಷರತ್ತು ಮೀರಿದರೆ ಮಾತ್ರ ಕಾನೂನು ಕಠಿಣವಾಗಿದೆ. ಕಲಂ 154ರಲ್ಲಿ ಕಾಯಿದೆಯೇ ಒಂದು ಕುದುರೆಯ ದೃಷ್ಟಾಂತ ನೀಡಿದೆ. ತಾನೊಬ್ಬನೇ ಸವಾರಿ ಮಾಡಲೆಂದು ಎರವಲು ಪಡೆದ ಕುದುರೆಯನ್ನು ಒಬ್ಬನು ಮನೆಯವರಿಗೆ ಕೊಟ್ಟ. ಅವರು ಜಾಗರೂಕತೆಯಿಂದ ಸವಾರಿ ಮಾಡಿದರೂ ಕುದುರೆ ಬಿದ್ದು ಗಾಯಗೊಂಡಿತು. ಎರವಲು ಪಡೆದವನೇ ಪರಿಹಾರ ಕೊಡಬೇಕು. ಕುದುರೆಯ ಜಾಗದಲ್ಲಿ ಡ್ರಿಲ್ಲಿಂಗ್ ಮೆಷಿನನ್ನು ಇಟ್ಟು ನೋಡಿ. ಮರಕ್ಕೆಂದು ತಂದು ಕಬ್ಬಿಣಕ್ಕೆ ಬಳಸಿದರೆ, ಅಥವಾ ಒಪ್ಪಿಗೆಯಿಲ್ಲದೆ ಪಕ್ಕದವರಿಗೆ ದಾಟಿಸಿದರೆ, ಎಚ್ಚರಿಕೆಯ ಮಾತು ರಕ್ಷಣೆಗೆ ಬಾರದು. ಹೇಳಿದ ಸಮಯಕ್ಕೆ ಹಿಂತಿರುಗಿಸದೆ ತಮ್ಮ ತಪ್ಪಿನಿಂದ ಉಳಿಸಿಕೊಂಡರೂ, ಕಲಂ 161ರಂತೆ ಅಂದಿನಿಂದಾಗುವ ನಷ್ಟ ಅವರದೇ.

ಇನ್ನು ಲೆಕ್ಕದ ಮಾತು. 40,000 ರೂಪಾಯಿಗೆ ಕೊಂಡ ಪ್ಲೇನರ್ 10 ವರ್ಷ ಬಾಳುತ್ತದೆ ಎಂದಿಟ್ಟುಕೊಳ್ಳೋಣ. ಆರು ವರ್ಷ ದುಡಿದ ಮೇಲೆ ಸಮಾನ ಸವಕಳಿಯ ಪ್ರಕಾರ ಉಳಿಯುವ ಮೌಲ್ಯ 16,000 ರೂಪಾಯಿ. ಉಳಿದ 24,000 ರೂಪಾಯಿ ಮಾಲೀಕರ ಕೆಲಸದಲ್ಲೇ ಸವೆದಿದೆ. ಲೆಕ್ಕಪುಸ್ತಕ ಇಡುವವರು ಅದನ್ನು ಖರ್ಚೆಂದು ತೋರಿಸಿಯೂ ಇರುತ್ತಾರೆ. ಹೀಗಿರುವಾಗ ಹೊಸ ಯಂತ್ರವನ್ನೇ ಕೇಳುವುದು ಒಂದೇ ಸವಕಳಿಯನ್ನು ಎರಡು ಬಾರಿ ವಸೂಲು ಮಾಡಿದಂತೆ. ರಿಪೇರಿಯಿಂದ ಸರಿಹೋಗುವುದಾದರೆ ರಿಪೇರಿ ಖರ್ಚು, ಇಲ್ಲವಾದರೆ ಉಳಿದ ಮೌಲ್ಯ. ಇದು ನ್ಯಾಯವಾದ ಮಿತಿ.

ಕೆಲಸಗಾರರ ವಿಷಯ ಬೇರೆಯೇ ಆಗಿದೆ. ಹುಡುಗನ ಕೈಯಲ್ಲಿ ಯಂತ್ರ ಕೆಟ್ಟಿತೆಂದು ಶನಿವಾರದ ಬಟವಾಡೆಯಲ್ಲಿ ಹಣ ಹಿಡಿಯುವವರಿದ್ದಾರೆ. 1936ರ ವೇತನ ಪಾವತಿ ಕಾಯಿದೆಯಲ್ಲಿದ್ದ ನಿಯಮವನ್ನು 2019ರ ವೇತನ ಸಂಹಿತೆಯೂ ಉಳಿಸಿಕೊಂಡಿದೆ: ವಸ್ತುವನ್ನು ಅವನ ವಶಕ್ಕೆ ಸ್ಪಷ್ಟವಾಗಿ ಒಪ್ಪಿಸಿರಬೇಕು, ಹಾನಿ ಅವನ ನಿರ್ಲಕ್ಷ್ಯದಿಂದಲೇ ಆಗಿರಬೇಕು, ಅವನಿಗೆ ಕಾರಣ ಹೇಳಲು ಅವಕಾಶ ಕೊಟ್ಟಿರಬೇಕು, ಕಡಿತವು ನಷ್ಟದ ಮೊತ್ತವನ್ನು ಮೀರಬಾರದು. ವೋಲ್ಟೇಜ್ ಏರಿಳಿತದಿಂದ ಸುಟ್ಟ ಮೋಟಾರಿಗೆ ಕೂಲಿ ಹಿಡಿಯುವುದು ಧರ್ಮವೂ ಅಲ್ಲ, ಕಾನೂನೂ ಅಲ್ಲ.

ನಂಬಿಕೆಯಿರುವಲ್ಲಿ ಬರವಣಿಗೆ ಏಕೆ ಎಂದು ಕೆಲವರು ಕೇಳಬಹುದು. ಒಂದೇ ಶೆಡ್ಡಿನಲ್ಲಿ, ಮಾಲೀಕರ ಎದುರಿನಲ್ಲೇ ಐದು ನಿಮಿಷ ಬಳಸಿದ ಯಂತ್ರದ ವಶ ನಿಜವಾಗಿ ಯಾರಲ್ಲಿತ್ತು ಎಂಬುದೇ ವಿವಾದವಾಗಬಲ್ಲದು. ಸಣ್ಣ ಮೊತ್ತಕ್ಕಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಿದರೆ ಯಂತ್ರದ ಬೆಲೆಗಿಂತ ಹೋದ ದಿನಗೂಲಿಯೇ ಹೆಚ್ಚಾಗುತ್ತದೆ. ಆದುದರಿಂದ ಶೆಡ್ಡಿನ ಗೋಡೆಗೆ ಒಂದು ನೂರು ಪುಟದ ನೋಟ್‌ಬುಕ್ ತೂಗುಹಾಕಿದರೆ ಸಾಕು. ಉಪಕರಣದ ಹೆಸರು, ಕೊಂಡ ವರ್ಷ, ಇಂದಿನ ಅಂದಾಜು ಬೆಲೆ, ಈಗಿರುವ ದೋಷ, ಯಾವ ಕೆಲಸಕ್ಕೆ, ಎಂದಿನವರೆಗೆ, ಇಬ್ಬರ ರುಜು. ಬ್ಲೇಡು, ಬಿಟ್ಟು, ಕಾರ್ಬನ್ ಬ್ರಷ್‌ಗಳಂತಹ ಸವೆಯುವ ಭಾಗಗಳನ್ನು ಬಳಸಿದವರೇ ಹಾಕಿಸಬೇಕೆಂಬ ಒಪ್ಪಂದವನ್ನು ಮೊದಲ ಪುಟದಲ್ಲೇ ಬರೆದಿಡಬಹುದು.

ಒಂದು ಕಹಿ ಪ್ರಸಂಗದ ನಂತರ ಕೊಡುವವರು ಕೊಡುವುದನ್ನೇ ನಿಲ್ಲಿಸಿದರೆ, ಸ್ವಂತ ಯಂತ್ರ ಕೊಳ್ಳಲಾಗದ ಕಿರಿಯ ಉದ್ಯಮಿಯೇ ಮೊದಲು ಕೆಲಸ ಕಳೆದುಕೊಳ್ಳುತ್ತಾನೆ. ಆ ನಷ್ಟ ಯಾವ ಆರ್ಮೇಚರಿನ ಬೆಲೆಗಿಂತಲೂ ದೊಡ್ಡದು. ಸದಸ್ಯ ಬಾಂಧವರು ಮುಂದಿನ ಬಾರಿ ಯಂತ್ರ ಕೈ ಬದಲಾಯಿಸುವ ಮುನ್ನವೇ ಈ ನೋಟ್‌ಬುಕ್ಕನ್ನು ತೆರೆಯಲಿ ಎಂದು ಕೋರುತ್ತೇನೆ.