ವಿಮಾನ ಆಮೇಲೆ, ಮೊದಲು ವಯಸ್ಸಿನ ಲೆಕ್ಕ

ಆಲೂರು ಕಡೆಯ ಕನ್ನಡ ಮೇಷ್ಟ್ರುಗಳು ವಿದೇಶಕ್ಕೆ ಹೋಗಿ ಓದೋದು ಹೇಗೆ ಅಂತ ಒಂದು ವಿಡಿಯೋ ಮಾಡೋಕೆ ಹೊರಟಿದ್ದೇವೆ. ಮೊದಲ ಸ್ಕ್ರಿಪ್ಟ್‌ನಲ್ಲಿ ವಿಮಾನ, ಹಿಮ, ದೊಡ್ಡ ಕಾಲೇಜು ಎಲ್ಲಾ ಇತ್ತು. ಹರಿದು ಹಾಕಿದೆವು. ವಿಡಿಯೋ ಶುರುವಾಗಬೇಕಾದ್ದು ವಯಸ್ಸಿನ ಲೆಕ್ಕದಿಂದ.

ಯಾಕಂತೀರಾ? ಜಪಾನ್ ಸರ್ಕಾರದ ಮೆಕ್ಸ್ಟ್ ವಿದ್ಯಾರ್ಥಿವೇತನದಲ್ಲಿ ಶಾಲಾ ಶಿಕ್ಷಕರಿಗೇ ಅಂತ ಒಂದು ವಿಭಾಗ ಐತಿ. ಸುಮಾರು ಒಂದೂವರೆ ವರ್ಷ. ಫೀಜಿಲ್ಲ, ವಿಮಾನದ ಖರ್ಚು ಅವರದೇ, ತಿಂಗಳ ಖರ್ಚಿಗೂ ಕೊಡ್ತಾರೆ. ಪದವಿ ಸಿಗೋದಿಲ್ಲ, ತರಬೇತಿ ಮಾತ್ರ. ಆದರೆ ಐದು ವರ್ಷ ಪಾಠ ಮಾಡಿರಬೇಕು, ವಯಸ್ಸು 35ರ ಒಳಗಿರಬೇಕು. ಈಗ ನಮ್ಮ ಲೆಕ್ಕ ನೋಡಿ. ಆಂಧ್ರದಲ್ಲಿ 2018ರ ಡಿಎಸ್‌ಸಿ ಆದ ಮೇಲೆ ಮೆಗಾ ಡಿಎಸ್‌ಸಿ ಬಂದದ್ದು 2025ರಲ್ಲಿ. ಕಾದು ಕಾದು 31ಕ್ಕೆ ನೌಕರಿ ಸಿಕ್ಕವರಿಗೆ ಐದು ವರ್ಷ ತುಂಬೋ ಹೊತ್ತಿಗೆ 36! ಅದಕ್ಕೇ, ಖಾಸಗಿ ಶಾಲೆಯಲ್ಲಿ ದುಡಿದಿದ್ದರೆ ಬಿಡುವಾಗಲೇ ಸೇವಾಪತ್ರ ಬರೆಸಿಕೊಳ್ಳಿ ಅನ್ನೋ ಮಾತು ಮೊದಲ ನಿಮಿಷದಲ್ಲೇ ಬರಬೇಕು.

ಆಮೇಲೆ ಪಾಸ್‌ಪೋರ್ಟ್. ಸರ್ಕಾರಿ ನೌಕರರು ಎನ್‌ಒಸಿ ಕೊಡಬಹುದು, ಇಲ್ಲಾ ಮೇಲಧಿಕಾರಿಗೆ ಮುಂಚೆ ತಿಳಿಸಿದ ಪತ್ರದ ಪ್ರತಿ ಕೊಟ್ಟರೂ ನಡೆಯುತ್ತೆ. ಎರಡನೇ ದಾರಿ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ರಜೆ, ಪ್ರಯಾಣದ ಅನುಮತಿ ಬೇರೆ ಮಾತು, ಅದಕ್ಕೆ ಇಲಾಖೆ ಹತ್ರ ಹೋಗಲೇಬೇಕು. ಆಫೀಸಿನ ಕಾಗದವೆಲ್ಲ ತೆಲುಗಿನಲ್ಲಿ ನಡೆಯೋದರಿಂದ ವಿಡಿಯೋದ ಮಾತು ಕನ್ನಡದಲ್ಲಿದ್ದರೂ ಅರ್ಜಿಯ ಹೆಸರುಗಳನ್ನು ತೆಲುಗಿನಲ್ಲೂ ತೋರಿಸೋಣ. ಇದಕ್ಕೆ ನಮ್ಮಲ್ಲೇ ಒಬ್ಬಿಬ್ಬರು ಮುನಿಸಿಕೊಂಡರು. ಇರಲಿ, ಕೆಲಸ ಆಗೋದು ಮುಖ್ಯ.

ಸ್ವಂತ ಖರ್ಚಿನಲ್ಲಿ ಹೋಗೋರಿಗೆ ಸಾಲದ ವಿಚಾರ. ಬ್ಯಾಂಕಿನ ಕೌಂಟರಿನಲ್ಲಿ ಕೂತು ನೋಡ್ತಾ ಇದ್ದೇವೆ: ಸೀಟು ಸಿಕ್ಕ ಮೇಲೆ ಹೊಲದ ಪಟ್ಟಾದಾರ್ ಪಾಸ್‌ಬುಕ್ ಹಿಡಿದು ಓಡಿ ಬರ್ತಾರೆ. 7.5 ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಕೇಂದ್ರದ ಖಾತರಿ ಯೋಜನೆ ಐತಿ, ಅದರಡಿ ಆಸ್ತಿ ಅಡವಿಡಬೇಕಿಲ್ಲ. ಅದಕ್ಕಿಂತ ಜಾಸ್ತಿ ಬೇಕಂದ್ರೆ ಅಡಮಾನ ಕೇಳ್ತಾರೆ, ಅಲ್ಲಿ ಹೊಲ ನಡೆಯೋದು ಕಷ್ಟ. ಸಾಲ ವಸೂಲಿಯ ಸರ್ಫೇಸಿ ಕಾಯ್ದೆ ಕೃಷಿ ಭೂಮಿಗೆ ಅನ್ವಯಿಸಲ್ಲ, ಅದಕ್ಕೇ ಬ್ಯಾಂಕುಗಳು ಹಿಂಜರಿಯುತ್ತವೆ. ಈ ಮಾತು ಅರ್ಜಿ ಹಾಕೋಕೆ ಮುಂಚೆ ಗೊತ್ತಿದ್ದರೆ ಒಂದು ವರ್ಷ ಉಳಿಯುತ್ತೆ.

"ಇರೋ ಕನ್ನಡ ಮೇಷ್ಟ್ರುಗಳನ್ನೂ ನೀವೇ ಕಳಿಸಿಬಿಟ್ರೆ ಶಾಲೆ ಗತಿ ಏನ್ರೀ?" ಅಂತ ಹಿರಿಯರೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯಿಂದ ಆಲೂರು, ಆದವಾನಿ, ರಾಯದುರ್ಗ ಆಂಧ್ರಕ್ಕೆ ಸೇರಿದಾಗಿನಿಂದ ಈ ಭಯ ನಮ್ಮ ಜೊತೆಗೇ ಐತಿ. ಜಪಾನಿನದು ಮುಗಿಸಿ ಬಂದು ಮತ್ತೆ ಪಾಠ ಮಾಡೋರಿಗಂತಲೇ ಇರೋದು. ಆದರೂ ಆ ಒಂದೂವರೆ ವರ್ಷ ಮಕ್ಕಳ ಮುಂದೆ ನಿಲ್ಲೋರು ಯಾರು? ಹಾಗಾಗಿ ರಜೆ ಅರ್ಜಿ ಹಾಕೋ ದಿನವೇ, ಬದಲಿಗೆ ಕನ್ನಡ ಬಲ್ಲ ಶಿಕ್ಷಕರನ್ನೇ ಕೊಡಿ ಅಂತ ಪೋಷಕರ ಸಹಿ ಇರೋ ಇನ್ನೊಂದು ಅರ್ಜಿಯೂ ಹೋಗಬೇಕು. ಅದರ ಮಾದರಿ ತಯಾರು ಮಾಡ್ತಾ ಇದ್ದೇವೆ. ಇಲಾಖೆಯ ಅನುಮತಿ ತಗೊಂಡ ಅನುಭವ ಇರೋ ಮೇಷ್ಟ್ರು, ಮೇಡಂ ಯಾರಾದ್ರೂ ಇದ್ದರೆ ಚಿತ್ರೀಕರಣಕ್ಕೆ ಮುಂಚೆ ಒಂದ್ಸಲ ಓದಿ ತಿದ್ದಿಕೊಡಿ.