ಪಾತ್ರೆಗಳ ನಡುವೆ ಪ್ರಾರ್ಥನೆ

ಪ್ರಾರ್ಥನೆಗೆ ಹೊತ್ತಿಲ್ಲವೆಂಬುದು ಎಲ್ಲ ಧರ್ಮದವರೂ ಆಡುವ ಮಾತು. ಬೆಳಗಾದರೆ ಒಲೆ, ಮಕ್ಕಳು, ಕಚೇರಿ. ಬೈಗಾದರೆ ಆಯಾಸ, ನಿದ್ರೆ. ಇವುಗಳ ನಡುವೆ ದೇವರಿಗೆ ಕೊಡಬಹುದಾದ ಹೊತ್ತು ಯಾವುದು? ಭಾನುವಾರದ ಆರಾಧನೆಯನ್ನು ತಪ್ಪಿಸದ ಕ್ರೈಸ್ತ ಗೃಹಿಣಿಯೂ ಸೋಮವಾರದ ಬೆಳಗಿನಲ್ಲಿ ಈ ಪ್ರಶ್ನೆಯನ್ನು ತನ್ನಲ್ಲಿಯೇ ಕೇಳಿಕೊಂಡಾಳು. ಇಗರ್ಜಿಯ ಗಂಟೆ ನಿಂತ ಮೇಲೆ ದೇವರು ಅಲ್ಲಿಯೇ ಉಳಿದನೋ, ತನ್ನೊಡನೆ ಅಡಿಗೆಮನೆಯವರೆಗೆ ಬಂದನೋ ಎಂಬ ಶಂಕೆ ಸಣ್ಣದಲ್ಲ.

ಲೂಕನು ತನ್ನ ಸುವಾರ್ತೆಯ ಹತ್ತನೆಯ ಅಧ್ಯಾಯದಲ್ಲಿ ಇಬ್ಬರು ಸೋದರಿಯರ ಕಥೆಯನ್ನು ಹೇಳಿದ್ದಾನೆ. ಯೇಸುಸ್ವಾಮಿಯು ಮನೆಗೆ ಬಂದಾಗ ಮರಿಯಳು ಆತನ ಪಾದಗಳ ಬಳಿ ಕುಳಿತು ಉಪದೇಶವನ್ನು ಕೇಳಿದಳು. ಮಾರ್ಥಳಾದರೋ ಅತಿಥಿಸತ್ಕಾರದ ಕೆಲಸಗಳಲ್ಲಿ ತೊಳಲಿ, ಮರಿಯಳು ತನಗೆ ನೆರವಾಗಲಿಲ್ಲವೆಂದು ದೂರಿದಳು. ಪ್ರಭುವು ಮೆಚ್ಚಿದ್ದು ಮರಿಯಳ ಆಯ್ಕೆಯನ್ನು. ಧ್ಯಾನವು ಮೇಲು, ದುಡಿಮೆಯು ಕೀಳು ಎಂಬ ಅರ್ಥವನ್ನು ಈ ಕಥೆಯಿಂದ ತೆಗೆದವರು ಬಹು ಮಂದಿ. ಹಾಗಾದರೆ ಬಡಿಸುವವರ ಗತಿಯೇನು? ಎಲ್ಲರೂ ಪಾದದ ಬಳಿ ಕುಳಿತರೆ ಅತಿಥಿಗೆ ಅನ್ನವನ್ನಿಡುವವರು ಯಾರು?

ಈ ಪ್ರಶ್ನೆಗೆ ವಾದದಿಂದಲ್ಲ, ಬಾಳಿನಿಂದ ಉತ್ತರ ಕೊಟ್ಟವನೊಬ್ಬನು ಹದಿನೇಳನೆಯ ಶತಮಾನದಲ್ಲಿ ಇದ್ದನು. ಲೊರೇನ್ ಸೀಮೆಯ ಹಳ್ಳಿಯೊಂದರಲ್ಲಿ ಹುಟ್ಟಿದ ಆತನ ಹೆಸರು ನಿಕೋಲಸ್ ಹರ್ಮನ್. ಹದಿನೆಂಟರ ವಯಸ್ಸಿನಲ್ಲಿ, ಚಳಿಗಾಲದ ಒಂದು ದಿನ, ಎಲೆಯುದುರಿ ಬರಿದಾಗಿ ನಿಂತಿದ್ದ ಮರವೊಂದನ್ನು ಆತನು ಕಂಡನು. ಕೆಲವು ಕಾಲದಲ್ಲಿಯೇ ಇದು ಚಿಗುರುವುದು, ಹೂ ಬಿಡುವುದು, ಕಾಯುವುದು ಎಂಬ ಎಣಿಕೆಯೊಡನೆ ದೇವರ ಶಕ್ತಿಯೂ ಪಾಲನೆಯೂ ಆತನ ಮನಸ್ಸಿನಲ್ಲಿ ನೆಟ್ಟವು. ಆ ಅನುಭವವು ಮುಂದೆಂದೂ ಅಳಿಯಲಿಲ್ಲ. ಆದರೆ ಮರವನ್ನು ಕಂಡವನು ಒಡನೆಯೇ ಸಂತನಾಗಲಿಲ್ಲ. ಯುರೋಪನ್ನು ಸುಟ್ಟ ಮೂವತ್ತು ವರ್ಷಗಳ ಯುದ್ಧದಲ್ಲಿ ಸಿಪಾಯಿಯಾಗಿ, ಗಾಯಗೊಂಡು ಕುಂಟನಾದನು. ಬಳಿಕ ಸಿರಿವಂತನೊಬ್ಬನ ಮನೆಯಲ್ಲಿ ಸೇವಕನಾದನು. ತಾನು ಮುಟ್ಟಿದ್ದನ್ನೆಲ್ಲ ಒಡೆಯುವ ಒಡ್ಡನೆಂದು ತನ್ನನ್ನು ತಾನೇ ಬಣ್ಣಿಸಿಕೊಂಡಿದ್ದಾನೆ.

೧೬೪೦ರಲ್ಲಿ ಆತನು ಪ್ಯಾರಿಸಿನ ವೋಜಿರಾರ್ ಬೀದಿಯ ಕಾರ್ಮೆಲೈಟ್ ಮಠವನ್ನು ಸೇರಿದನು. ವಿದ್ಯೆಯಿಲ್ಲದವನಾದುದರಿಂದ ಗುರುಪಟ್ಟ ದೊರೆಯಲಿಲ್ಲ. ಮೈದುಡಿಮೆಯ ಸಹೋದರನೆಂಬ ಸ್ಥಾನವೂ ಲಾರೆನ್ಸ್ ಎಂಬ ಹೊಸ ಹೆಸರೂ ದೊರೆತವು. ಅಲ್ಲಿ ಆತನ ಪಾಲಿಗೆ ಬಂದುದು ಅಡಿಗೆಮನೆ. ಆ ಕೆಲಸವೆಂದರೆ ಆತನಿಗೆ ಸ್ವಭಾವತಃ ಒಗ್ಗದು! ಆದರೂ ಸುಮಾರು ಹದಿನೈದು ವರ್ಷ ಅಲ್ಲಿಯೇ ದುಡಿದನು. ಕಾಲಿನ ನೋವು ಹೆಚ್ಚಿದ ಮೇಲೆ ಮಠದವರ ಪಾದರಕ್ಷೆಗಳನ್ನು ಹೊಲಿಯುವ ಕೆಲಸ ಬಂದಿತು. ನಡುವೆ ದ್ರಾಕ್ಷಾರಸವನ್ನು ಕೊಳ್ಳಲು ಬರ್ಗಂಡಿಗೆ ಕಳುಹಿಸಿದಾಗ, ದೋಣಿಯಲ್ಲಿ ನಡೆದಾಡಲಾರದೆ ಪೀಪಾಯಿಗಳ ಮೇಲೆ ಉರುಳಿಕೊಂಡು ಹೋಗಬೇಕಾಯಿತು.

ಆ ಮಠದ ಮೂಲತಾಯಿಯೆನಿಸಿದ ಆವಿಲಾದ ಸಂತ ತೆರೇಸಳು (೧೫೧೫–೧೫೮೨) ತನ್ನ ಸಂನ್ಯಾಸಿನಿಯರಿಗೆ ಮೊದಲೇ ಒಂದು ಸಮಾಧಾನವನ್ನು ಹೇಳಿದ್ದಳು. ವಿಧೇಯತೆಯು ಅಡಿಗೆಮನೆಗೆ ಕಳುಹಿಸಿದರೆ ದುಃಖಿಸಬೇಕಾಗಿಲ್ಲ, ಪ್ರಭುವು ಅಲ್ಲಿಯೂ ಇರುವನೆಂಬುದು ಅದರ ತಾತ್ಪರ್ಯ. ತೆರೇಸಳು ಹೇಳಿದುದನ್ನು ಲಾರೆನ್ಸನು ಸೌಟು ಹಿಡಿದ ಕೈಯಿಂದ ಪರೀಕ್ಷಿಸಿ ನೋಡಿದನು.

ಆತನ ಸಾಧನೆಯ ರೀತಿ ಬಹು ಸರಳವಾದುದು. ಧ್ಯಾನದ ಕ್ರಮಗಳನ್ನು ಬೋಧಿಸುವ ಗ್ರಂಥಗಳು ಆತನಿಗೆ ಗೊಂದಲವನ್ನೇ ತಂದವು, ಅವುಗಳನ್ನು ಬದಿಗಿರಿಸಿದನು. ಕೆಲಸವನ್ನು ತೊಡಗುವ ಮುನ್ನ ದೇವರೊಡನೆ ಒಂದೆರಡು ಮಾತು, ಕೆಲಸದ ನಡುವೆ ಮನಸ್ಸಿನ ಒಂದು ನೋಟ, ಕೆಲಸ ಮುಗಿದ ಮೇಲೆ ಚೆನ್ನಾಗಿ ನಡೆದಿದ್ದರೆ ಕೃತಜ್ಞತೆ, ಕೆಟ್ಟಿದ್ದರೆ ಕ್ಷಮಾಯಾಚನೆ. ಆ ಬಳಿಕ ಮತ್ತೆ ಅದೇ ಸಾನ್ನಿಧ್ಯಕ್ಕೆ ಹಿಂದಿರುಗುವುದು. ನೆಲದ ಮೇಲಿನ ಹುಲ್ಲುಕಡ್ಡಿಯನ್ನು ಎತ್ತುವುದನ್ನು ಸಹ ದೇವರ ಪ್ರೀತಿಗಾಗಿ ಮಾಡಿದರೆ ಸಾಕೆಂದು ಆತನು ನಂಬಿದ್ದನು. ಪ್ರಾರ್ಥನೆಗೆಂದು ಗೊತ್ತುಮಾಡಿದ ಹೊತ್ತು, ಕೆಲಸದ ಹೊತ್ತು ಎಂಬ ಭೇದವು ಕ್ರಮೇಣ ಆತನಿಗೆ ಇಲ್ಲವಾಯಿತು. ಮಾರ್ಥಳ ಕೈಗಳೂ ಮರಿಯಳ ಕಿವಿಗಳೂ ಒಬ್ಬನಲ್ಲಿಯೇ ಕೂಡಿದವು.

ಇದನ್ನೋದಿ, ಎಷ್ಟು ಸುಲಭವೆಂದು ವಾಚಕರಿಗೆ ತೋರಬಹುದು. ಸುಲಭವಾಗಿರಲಿಲ್ಲ. ಮೊದಲ ಹತ್ತು ವರ್ಷ ತಾನು ಬಹಳ ನೊಂದೆನೆಂದು ಲಾರೆನ್ಸನೇ ತಿಳಿಸಿದ್ದಾನೆ. ಅದರಲ್ಲಿ ನಾಲ್ಕು ವರ್ಷ, ತನಗೆ ನರಕವೇ ಗತಿಯೆಂಬ ನಿಶ್ಚಯವು ಆತನನ್ನು ಹಿಂಡಿತು. ಯಾರ ಸಾಂತ್ವನವೂ ತಟ್ಟಲಿಲ್ಲ. ಕೊನೆಗೆ ಆತನು ಲೆಕ್ಕಾಚಾರವನ್ನು ಬಿಟ್ಟನು. ತಾನು ಉಳಿಯಲಿ, ಅಳಿಯಲಿ, ಬದುಕಿರುವವರೆಗೆ ದೇವರ ಪ್ರೀತಿಗಾಗಿಯೇ ದುಡಿಯುವೆನೆಂದು ಸಂಕಲ್ಪಿಸಿದನು. ಪ್ರತಿಫಲದ ಆಸೆಯನ್ನು ಕೈಬಿಟ್ಟ ಮೇಲೆಯೇ ಶಾಂತಿ ದೊರೆತದ್ದು. ಅಂದಮೇಲೆ ಸಾನ್ನಿಧ್ಯವೆಂಬುದು ಮೊದಲು ಇಂಪಾದ ಅನುಭವವಲ್ಲ, ವಿಶ್ವಾಸದ ನಿರ್ಧಾರ. ಇಂಪು ಬಂದರೆ ಅದು ದಾನ. ಬಾರದಿದ್ದರೂ ಪ್ರಾರ್ಥನೆ ವ್ಯರ್ಥವಾಗದು. ಉತ್ತರವೇ ಬಾರದೆ ವರ್ಷಗಟ್ಟಲೆ ಪ್ರಾರ್ಥಿಸುವವರಿಗೆ, ರೋಗಿಯ ಮಂಚದ ಬಳಿ ರಾತ್ರಿಗಳನ್ನು ಕಳೆಯುವವರಿಗೆ ಈ ಮಾತು ಬೇಕಾಗಿದೆ.

ಒಂದು ಆಕ್ಷೇಪಣೆಗೂ ಇಲ್ಲಿ ಎಡೆಯುಂಟು. ದುಡಿಯುವವರನ್ನು ಇದ್ದಲ್ಲಿಯೇ ಸುಮ್ಮನಿರಿಸಲು ಇಂಥ ಬೋಧೆ ಅನುಕೂಲವಲ್ಲವೆ? ಒಡೆಯನು ಆಳಿಗೆ ಇದನ್ನು ಬೋಧಿಸಿದರೆ ಅದು ಖಂಡಿತವಾಗಿ ವಂಚನೆಯೇ. ಆದರೆ ಲಾರೆನ್ಸನಿಗೆ ಇದನ್ನು ಯಾವ ಒಡೆಯನೂ ಕಲಿಸಲಿಲ್ಲ. ಒಲೆಯ ಮುಂದೆ ನಿಂತವನೇ ಕಂಡುಕೊಂಡ ಸತ್ಯವಿದು. ಕಷ್ಟವು ಸಿಹಿಯೆಂದು ಆತನು ಸಾರಲಿಲ್ಲ. ಕಷ್ಟದಲ್ಲಿ ತಾನು ಒಬ್ಬಂಟಿಗನಲ್ಲವೆಂದನು. ಅನ್ಯಾಯವನ್ನು ತಿದ್ದುವ ಕೈಗೂ ಈ ನಂಬಿಕೆಯಿಂದ ಬಲವೇ ಬರತಕ್ಕದ್ದು.

೧೬೬೬ರ ಆಗಸ್ಟ್ ೩ರಂದು ಬೋಫೋರ್ ಎಂಬ ಪಾದ್ರಿಯು ಈ ಅಡಿಗೆಯವನನ್ನು ಮೊದಲ ಸಲ ಸಂಧಿಸಿ ಮಾತಾಡಿದನು. ಅಂಥ ನಾಲ್ಕು ಸಂಭಾಷಣೆಗಳನ್ನು ಬರೆದಿಟ್ಟನು. ಲಾರೆನ್ಸನು ೧೬೯೧ರ ಫೆಬ್ರವರಿ ೧೨ರಂದು ತೀರಿಕೊಂಡ ಮೇಲೆ ಅವೂ ಆತನ ಕಾಗದಗಳೂ ಅಚ್ಚಾದವು. ಇವುಗಳಿಂದ ಹುಟ್ಟಿದ, 'ದೇವರ ಸಾನ್ನಿಧ್ಯದ ಅಭ್ಯಾಸ' ಎಂಬರ್ಥದ ಹೆಸರಿನ ಕಿರುಹೊತ್ತಗೆಯನ್ನು ಕಥೋಲಿಕರೂ ಪ್ರಾಟೆಸ್ಟಂಟರೂ ಇಂದಿಗೂ ಒಂದೇ ಆದರದಿಂದ ಓದುತ್ತಾರೆ. ಸ್ವತಃ ಗ್ರಂಥವೊಂದನ್ನು ಬರೆದು ಪ್ರಕಟಿಸಬೇಕೆಂದು ಆತನು ಹೊರಟವನಲ್ಲ.

ಹೆಚ್ಚು ಮಾತುಗಳು ಪ್ರಾರ್ಥನೆಗೆ ಬೇಡವೆಂಬುದು ರೋಗಿಗಳಿಗೂ ವೃದ್ಧರಿಗೂ ಆತನ ಸಲಹೆಯಾಗಿತ್ತು. ಧನಿಕನ ಬಾಗಿಲಲ್ಲಿ ಕುಳಿತ ಮೂಕ ಭಿಕ್ಷುಕನಂತೆ ಸುಮ್ಮನೆ ಇದ್ದರೂ ಆದೀತು. ಮನಸ್ಸು ಅಲೆದರೆ ಗದರಿಸದೆ ಮೆಲ್ಲನೆ ಹಿಂದಕ್ಕೆ ಕರೆದರಾಯಿತು. ಅಕ್ಕಿಯನ್ನು ಆರಿಸುವಾಗ, ಬಸ್ಸಿಗೆ ಕಾಯುವಾಗ, ಕಡತವನ್ನು ಬಿಡಿಸುವಾಗ ಇಷ್ಟನ್ನು ಮಾಡಲು ಯಾರಿಗೆ ತಾನೆ ಹೊತ್ತು ಸಾಲದು? ಪ್ರಾರ್ಥನೆಗಾಗಿ ನಾವು ಬೇರೆ ಬಾಳನ್ನು ಹುಡುಕಬೇಕಾಗಿಲ್ಲ. ಇರುವ ಬಾಳಿನೊಳಕ್ಕೆ ದೇವರನ್ನು ಕರೆದರೆ ಸಾಕು. ಆತನು ಮೊದಲೇ ಬಂದಿರುವನೆಂಬುದು ಕರೆದವರಿಗೆ ತಿಳಿಯುವುದು.